ಏಳನೇ ನಂಬರು

ಎರಡನೇ ಮಹಡಿ, ಹೆಂಗಸರ ವಾರ್ಡು.
ಬೆಳಿಗ್ಗೆ ಆರರ ಫಿನಾಯಿಲ್ ನನ್ನದು.
ಯಾವ ನಲ್ಲಿಯಲ್ಲಿ ನೀರು, ಯಾವ ಮಂಚದ ಕಾಲು ಗಿಡ್ಡ,
ಯಾವ ಸಿಸ್ಟರು ಸೂಜಿ ಚುಚ್ಚಿದ್ದು ಗೊತ್ತೇ ಆಗುವುದಿಲ್ಲ,
ಕೇಳಿ, ಹೇಳುತ್ತೇನೆ.
ಹಾವು ಕಚ್ಚಿದರೆ ಕಣ್ಣು ಮುಚ್ಚಿ ಇಲ್ಲಿಗೇ ಬನ್ನಿ.
ಹೆರಿಗೆಗೂ ಇಲ್ಲಿಗೇ. ನನ್ನವೆರಡೂ ಇಲ್ಲೇ ಆದದ್ದು,
ಬಾಗಿಲು ಕಾಯುವವನಿಗೆ ಚಾ ಕಾಸು, ಅಷ್ಟೇ ಖರ್ಚು.

ಬೈತಖೋಲದ ಇಡೀ ಕೇರಿಗೆ
ಹೀಗೆಲ್ಲ ಹೇಳಿಕೊಂಡು ತಿರುಗುವವಳು ನಾನು.

ಆಮೇಲೆ ಪ್ರಣಿತಾಗೆ ಜ್ವರ ಬಂತು.

ಮೂರನೇ ರಾತ್ರಿ. ಜೂನ್ ಇನ್ನೂ ಮುಗಿದಿರಲಿಲ್ಲ,
ದೋಣಿಗಳೆಲ್ಲ ದಡದಲ್ಲಿ ತಾಡಪಾಲು ಹೊದ್ದು ಮಲಗಿದ್ದವು,
ಒಣ ಶೆಟ್ಲಿಯ ಡಬ್ಬಿ ತಳ ಕಂಡಿತ್ತು.
ಇವರು ವಾಸ್ಕೋದಲ್ಲಿ ಕೆಲಸಕ್ಕೆ; ಫೋನಿನಲ್ಲಿ
"ನೀನೇ ನೋಡು, ನಿನಗೆ ಗೊತ್ತಲ್ಲ" ಅಂದರು.
ಮಾವ ಪ್ಲಾಸ್ಟಿಕ್ ಚೀಲ ಬಿಚ್ಚಿ
ರೇಷನ್ ಕಾರ್ಡು, ಆಸ್ಪತ್ರೆ ಕಾರ್ಡು, ಮೀನುಗಾರರ ಕಾರ್ಡು
ಇಸ್ಪೀಟು ಹಂಚಿದ ಹಾಗೆ ಚಾಪೆಯ ಮೇಲೆ ಇಟ್ಟರು.
"ಇಷ್ಟಿವೆ. ಯಾವುದಾದರೂ ನಡೆಯುತ್ತದಲ್ಲ?"
"ಅಡ್ಮಿಟ್ ಆದರೆ ನಡೆಯುತ್ತದೆ. ಬರೀ ಜ್ವರಕ್ಕೆ ನಡೆಯುವುದಿಲ್ಲ."
ಮೈದುನ ಅಂದ, "ವೈನಿ ಅಲ್ಲೇ ಇದ್ದಾಳಲ್ಲ, ಅಲ್ಲಿಗೇ ಒಯ್ಯಲಿ."
ಪಕ್ಕದ ಮನೆಯ ಇಸ್ಬೆಲಾ ಬಾಯಿ ಹೊಸ್ತಿಲಲ್ಲಿ ನಿಂತು
ಗೋವೆಗೆ ಹೋಗಿ ಉಳಿದವರ ಹೆಸರು ಎಣಿಸಿದಳು,
ಹೋಗುವ ದಾರಿಯಲ್ಲೇ ಹೋದವರನ್ನು ಬಿಟ್ಟು.
ಅತ್ತೆ ಏನೂ ಅನ್ನಲಿಲ್ಲ. ನನ್ನ ಮುಖ ನೋಡಿದಳು.
ಎಲ್ಲರೂ ನೋಡಿದರು,
ಬಂಗಡೆ ಕೊಳ್ಳುವವರು ಕಿವಿರು ಎತ್ತಿ ನೋಡುವ ಹಾಗೆ.

ಹೇಳಬಹುದಿತ್ತು.
ಮಗಳ ಹಣೆಯ ಒದ್ದೆ ಬಟ್ಟೆ ಮಗುಚಿ ಹಾಕಿದೆ.
ಅಷ್ಟರಲ್ಲಿ ತೀರ್ಮಾನ ಆಗಿಹೋಗಿತ್ತು.

ಬಲೆಯ ನೂಲಿಗೆ ಇಟ್ಟ ದುಡ್ಡು.
ಮರುದಿನ ಸಂಜೆ, ಔಷಧಿ ಅಂಗಡಿಯ ಮೇಲಿನ ಮಹಡಿ,
ಗಾಜಿನ ಬಾಗಿಲು, ಚಪ್ಪಲಿ ಹೊರಗೆ.
ಒಳಗೆ ಕೂತವರು ಅವರೇ.
ಬೆಳಿಗ್ಗೆ ನಮ್ಮಲ್ಲಿ ಏಳನೇ ನಂಬರಿನಲ್ಲಿ ಕೂರುವವರು,
ನಾನು ಮಾಪ್ ಹಾಕುವಾಗ
ತಲೆ ಎತ್ತದೆ ಕಾಲೆರಡೂ ಎತ್ತುವವರು.
ಇಲ್ಲಿ ತಲೆ ಎತ್ತಿದರು.
"ಏನು ಪುಟ್ಟಿ, ಯಾವ ಕ್ಲಾಸು? ಯಾವ ಶಾಲೆ?"
ನಾಲಿಗೆ ನೋಡಿದರು, ಹೊಟ್ಟೆ ಒತ್ತಿದರು, ನಕ್ಕರು.
ಅಲ್ಲಿ ಮಧ್ಯಾಹ್ನದೊಳಗೆ ಇನ್ನೂರು ಚೀಟಿ,
ಇಲ್ಲಿ ನಾವು ಹನ್ನೊಂದನೆಯವರು.
ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.
ನನ್ನ ಗುರುತು ಹತ್ತಲಿಲ್ಲ. ಹತ್ತಿದ್ದರೂ ಹತ್ತಿರಬಹುದು.
ಸೀರೆ ಬೇರೆ ಇತ್ತು.

ಡಾಕ್ಟರಿಗೆ ಮುನ್ನೂರು, ರಕ್ತಕ್ಕೆ ಐನೂರು, ಮಾತ್ರೆಗೆ ಇನ್ನೂರ ಹತ್ತು.
ಮಾತ್ರೆ ನನಗೆ ಗೊತ್ತಿದ್ದದ್ದೇ,
ನಮ್ಮ ಸ್ಟೋರಿನಲ್ಲಿ ಅದರದೇ ಪೆಟ್ಟಿಗೆಗಳಿವೆ,
ಮಾರಾಟಕ್ಕಲ್ಲ ಎಂದು ಅಚ್ಚು ಹಾಕಿ.
"ನನ್ನ ಶಾಲೆಯ ಹೆಸರು ಕೇಳಿದರು"
ಎಂದು ಮಗಳು ರಿಕ್ಷಾದಲ್ಲಿ ಮೂರು ಸಲ ಹೇಳಿದಳು.
ಎರಡು ದಿನಕ್ಕೆ ಜ್ವರ ಬಿಟ್ಟಿತು.
ಬಿಡುವ ದಿನವೇ ಆಗಿತ್ತೋ ಏನೋ.

ಇವತ್ತು ಚೀಟಿ ಸಾಲಿನಲ್ಲಿ ಅಮದಳ್ಳಿ ಕಡೆಯ ಒಬ್ಬಳು,
ಸೊಂಟದಲ್ಲಿ ಕೂಸು, ನಿದ್ದೆಯಿಲ್ಲದ ಕಣ್ಣು.
ನನ್ನ ನೀಲಿ ಕೋಟು ನೋಡಿ ಹತ್ತಿರ ಬಂದಳು.
"ಅಕ್ಕಾ, ಇಲ್ಲೇ ತೋರಿಸಲಾ, ಹೊರಗೆ ಒಯ್ಯಲಾ?
ನಿಮ್ಮ ಮಗುವಾಗಿದ್ರೆ ಎಂತ ಮಾಡ್ತಿದ್ರಿ?"
ಬಕೆಟ್ಟಿನ ನೀರು ಕಪ್ಪಾಗಿತ್ತು. ಬದಲಿಸಬೇಕಿತ್ತು.
"ಏಳನೇ ನಂಬರಿಗೆ ಹೋಗು," ಅಂದೆ,
"ಶೇವಂತಿ ಕಳಿಸಿದಳು ಅಂತ ಹೇಳು."

ಹೋದಳು, ಮರೆಯಬಾರದೆಂದು
ಹೆಸರನ್ನು ಬಾಯೊಳಗೇ ಹೇಳಿಕೊಳ್ಳುತ್ತ.
ಆ ಹೆಸರು ಅಲ್ಲಿ ನಡೆಯುತ್ತದೋ ಇಲ್ಲವೋ,
ನಾನೂ ಇದುವರೆಗೆ ತೋರಿಸಿ ನೋಡಿಲ್ಲ.